ನೀರು ಸಾಹೇಬರ ಮೀನಿಲ್ಲದ ತೊಟ್ಟಿ

ತಾನು ಅಧಿಕಾರಿಯೆಂದು ಅವರು ಯಾರಿಗೂ ಹೇಳಿರಲಿಲ್ಲ. ಅಧಿಕಾರಿಯಲ್ಲವೆಂದೂ ಹೇಳಿರಲಿಲ್ಲ, ಅಷ್ಟೇ. ನೀರು ಸರಬರಾಜು ಕಚೇರಿಯಲ್ಲಿ ಕೆಲಸ ಎಂದು ಹೇಳಿ, ಮುಂದಿನದನ್ನು ಕೇಳುವವರ ಊಹೆಗೆ ಬಿಟ್ಟಿದ್ದರು. ಮೂರು ಮಹಡಿಯ ಬಾಡಿಗೆ ಕಟ್ಟಡ, ಹನ್ನೆರಡು ಮನೆ. ಹನ್ನೆರಡು ಮನೆಯವರೂ ದೊಡ್ಡದನ್ನೇ ಊಹಿಸಿದರು. ಮೂರನೇ ವರ್ಷದ ಹೊತ್ತಿಗೆ ಅವರು ಎಲ್ಲರ ಬಾಯಲ್ಲೂ ನೀರು ಸಾಹೇಬರಾಗಿದ್ದರು.

ನಿಜವಾಗಿ ಅವರಿದ್ದದ್ದು ಟಪಾಲು ವಿಭಾಗದಲ್ಲಿ. ವಿಭಾಗ ಎಂದರೆ ಮೆಟ್ಟಿಲ ಕೆಳಗೆ ಒಂದು ಮೇಜು ಮತ್ತು ಒಂದು ಕಿಂಡಿ. ಹೊರಗಿನಿಂದ ಬಂದ ಕಾಗದಕ್ಕೆ ನಂಬರು ಹಾಕಿ, ಮೊಹರು ಒತ್ತಿ, ಒಳಗೆ ಕಳಿಸಬೇಕು. ಒಳಗಿನಿಂದ ಬಂದ ಕಾಗದಕ್ಕೆ ನಂಬರು ಹಾಕಿ, ಮೊಹರು ಒತ್ತಿ, ಹೊರಗೆ ಕಳಿಸಬೇಕು. ಹನ್ನೊಂದು ವರ್ಷದಲ್ಲಿ ಒಂದು ಕಾಗದವನ್ನೂ ಅವರು ಓದಿರಲಿಲ್ಲ. ಬೇರೆಯವರ ಕಾಗದ ಓದುವುದು ಅಸಭ್ಯತೆ ಎಂಬುದು ಅವರ ಮತ. ಯಾರಿಂದ, ಯಾರಿಗೆ ಎಂದು ತಿಳಿದರೆ ಸಾಕು. ಆದರೆ ಮೊಹರಿಲ್ಲದ ಕಾಗದ ಕಣ್ಣಿಗೆ ಬಿದ್ದರೆ ಅವರಿಗೆ ಬಟ್ಟೆಯಿಲ್ಲದ ಮನುಷ್ಯನನ್ನು ನೋಡಿದಷ್ಟು ಮುಜುಗರವಾಗುತ್ತಿತ್ತು. ಆ ಮೊಹರನ್ನು ಯಾರಾದರೂ ದುರುಪಯೋಗ ಮಾಡಿಕೊಂಡಾರೆಂಬ ಭಯದಿಂದ ಅದನ್ನು ದಿನವೂ ಊಟದ ಡಬ್ಬಿಯ ಜೊತೆ ಚೀಲದಲ್ಲಿ ಹಾಕಿಕೊಂಡು ಮನೆಗೇ ತರುತ್ತಿದ್ದರು. ಇಲಾಖೆಯ ಮೇಲೆ ಇಷ್ಟು ನಿಷ್ಠೆಯಿದ್ದ ನೌಕರ ಇನ್ನೊಬ್ಬನಿರಲಿಲ್ಲ. ಇಲಾಖೆಗೆ ಅವರಷ್ಟು ತೊಂದರೆ ಕೊಟ್ಟವನೂ ಇನ್ನೊಬ್ಬನಿಲ್ಲ.

ಎಲ್ಲ ಶುರುವಾದದ್ದು ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ. ಅಲ್ಲೊಂದು ಮೀನಿನ ತೊಟ್ಟಿಯಿತ್ತು. ಒಳಗೆ ಹಸಿರು ಗಿಡ, ಮೇಲೆ ಬಿಳಿ ದೀಪ. ಕೆನ್ನೆ ಊದಿಸಿಕೊಂಡು ಬಂದವರೆಲ್ಲ ಬಾಯಿ ತೆರೆದು ಅದನ್ನೇ ನೋಡುತ್ತ ಕೂತಿದ್ದರು. ಸಾಹೇಬರಿಗೆ ಒಂದು ಯೋಚನೆ ಹೊಳೆಯಿತು. ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಕೊಟ್ಟ ಮಾತಿನ ದಿನಕ್ಕೆ ಬಟ್ಟೆ ಕೊಟ್ಟ ಉದಾಹರಣೆ ಇರಲಿಲ್ಲವಾದ್ದರಿಂದ ಮುಂದಿನ ಕೋಣೆಯಲ್ಲಿ ಸದಾ ಇಬ್ಬರು ಮೂವರು ಸಿಟ್ಟಿನಿಂದ ಕಾಯುತ್ತಿದ್ದರು. ಹಲ್ಲುನೋವನ್ನೇ ಮರೆಸುವ ತೊಟ್ಟಿ ಕುಪ್ಪಸದ ಸಿಟ್ಟನ್ನು ಮರೆಸಲಾರದೇ?

ಸಾಕುಮೀನಿನ ಅಂಗಡಿಗೆ ಹೋಗಿ ಮೂವತ್ತು ಲೀಟರಿನ ಗಾಜಿನ ತೊಟ್ಟಿ, ಕಪ್ಪು ಮಣ್ಣು, ಹನ್ನೆರಡು ಗಿಡ, ಸ್ಪಂಜಿನ ಫಿಲ್ಟರು, ದೀಪ, ಇಷ್ಟನ್ನೂ ಕಟ್ಟಿಸಿ, "ಇನ್ನು ಆರು ಮೀನು ಕೊಡಿ" ಎಂದರು. ಅಂಗಡಿಯವನು ಕೈ ಅಡ್ಡ ಮಾಡಿದ.

"ಮೀನು ಕೊಡಲ್ಲ ಸರ್."

"ಯಾಕ್ರೀ? ಅಂಗಡಿ ತುಂಬ ಇವೆಯಲ್ಲ."

"ನಲವತ್ತು ದಿನ ಬಿಟ್ಟು ಬನ್ನಿ. ಹೊಸ ನೀರಲ್ಲಿ ಮೀನು ಬಿಟ್ರೆ ಅದರ ಹೊಲಸೇ ಅದಕ್ಕೆ ವಿಷ ಆಗತ್ತೆ. ಅಮೋನಿಯ ಅಂತಾರೆ. ಅದನ್ನ ತಿನ್ನೋ ಕ್ರಿಮಿ ಇದಾವೆ. ಅವು ತಿಂದು ನೈಟ್ರೈಟ್ ಅಂತ ಇನ್ನೊಂದು ವಿಷ ಮಾಡ್ತಾವೆ. ಅದನ್ನ ತಿನ್ನೋಕೆ ಬೇರೆ ಕ್ರಿಮಿ. ಈ ಎರಡು ಜಾತಿನೂ ಬಂದು, ಸ್ಪಂಜಲ್ಲಿ ಮನೆ ಮಾಡ್ಕೊಂಡು, ಸಂಸಾರ ಹೂಡ್ಬೇಕು. ಆಮೇಲೆ ಮೀನು."

"ಅಲ್ಲೀವರೆಗೆ ನಾನೇನು ಮಾಡ್ಲಿ?"

"ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ."

"ಯಾರಿಗೆ?"

"ಯಾರಿಗೂ ಇಲ್ಲ. ಕೊಳೀಲಿ ಅಂತ." ಅವನು ಪುಟ್ಟ ಗಾಜಿನ ನಳಿಕೆಗಳ ಪೆಟ್ಟಿಗೆಯೊಂದನ್ನು ಕೊಟ್ಟ. "ಈ ಹನಿ ಹಾಕಿ ಅಲ್ಲಾಡಿಸಿ. ಹಳದಿ ಬಂದ್ರೆ ಅಮೋನಿಯ ಇಲ್ಲ, ಹಸಿರು ಬಂದ್ರೆ ಇದೆ. ನೈಟ್ರೈಟಿಗೆ ತಿಳಿ ನೀಲಿ ಒಳ್ಳೇದು, ನೇರಳೆ ಕೆಟ್ಟದ್ದು. ನಲ್ಲಿ ನೀರು ಸೀದಾ ಸುರೀಬೇಡಿ, ಕ್ಲೋರಿನ್ ಇರತ್ತೆ, ಕ್ರಿಮಿ ಸಾಯ್ತಾವೆ. ಒಂದು ದಿನ ಬಕೆಟಲ್ಲಿ ಇಟ್ಟು ಆಮೇಲೆ ಹಾಕಿ. ದೀಪ ದಿನಕ್ಕೆ ಆರೇ ಗಂಟೆ."

ಮನೆಗೆ ಬಂದು ಜೋಡಿಸಿಟ್ಟಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಮೀನೆಲ್ರೀ?"

"ನಲವತ್ತು ದಿನ ಆಗತ್ತೆ. ಮೊದಲು ಕ್ರಿಮಿ ಬೆಳೀಬೇಕು."

"ಕ್ರಿಮಿ ಸಾಕೋಕೆ ತೊಟ್ಟಿ ತಂದ್ರಾ? ನೋಡಿ, ಮೀನಿಲ್ಲದ ತೊಟ್ಟಿ ತಂದಿದಾರೆ ಅಂತ ಒಂದು ನರಪಿಳ್ಳೆಗೂ ಗೊತ್ತಾಗ್ಬಾರದು. ನನ್ನ ಗಿರಾಕಿಗಳು ವರ್ಷಗಟ್ಟಲೆ ನಗ್ತಾರೆ. ಮೀನು ಬರೋವರೆಗೆ ಬಾಯಿ ಬಿಡಬೇಡಿ."

ಸಾಹೇಬರು ಬಾಯಿ ಬಿಡಲಿಲ್ಲ. ಆದರೆ ಪೆಟ್ಟಿಗೆಯ ಬಣ್ಣದ ಪಟ್ಟಿಗೆ ಹೋಲಿಸಿದಾಗ ದಿನವೂ ಬರುವ ಅಂಕಿಗಳನ್ನು ಎಲ್ಲಾದರೂ ಬರೆಯಬೇಕಲ್ಲ? ಕಚೇರಿಯ ರದ್ದಿಯಿಂದ ತಂದ ಹಾಳೆಯೊಂದನ್ನು ಗೋಡೆಗೆ ಅಂಟಿಸಿದರು. ತಲೆಯಲ್ಲಿ ಇಲಾಖೆಯ ಹೆಸರು ಅಚ್ಚಾಗಿತ್ತು. ಕೆಳಗೆ ಗೆರೆ ಎಳೆದು, ದಿನಾಂಕ, ಅಮೋನಿಯ, ನೈಟ್ರೈಟ್, ಷರಾ ಎಂದು ನಾಲ್ಕು ಕಾಲಂ ಮಾಡಿದರು. ಮೊದಲ ದಿನದ ಸಾಲು ಬರೆದು ಹಿಂದೆ ಸರಿದು ನೋಡಿದಾಗ ಏನೋ ಕಡಿಮೆಯಾದಂತೆ ಅನಿಸಿತು. ಚೀಲದಿಂದ ಮೊಹರು ತೆಗೆದು ಒತ್ತಿದರು. ನಂಬರು ಹಾಕಿದರು. ಈಗ ಹಾಳೆ ಗೌರವಸ್ಥ ಹಾಳೆಯಂತೆ ಕಂಡಿತು. ಅಂದಿನಿಂದ ಪ್ರತಿ ದಿನ ಒಂದು ಸಾಲು, ಒಂದು ಮೊಹರು.

ದೀಪದ ವಿಷಯದಲ್ಲಿ ಮಾತ್ರ ಅವರು ತಮ್ಮದೇ ಬುದ್ಧಿ ಓಡಿಸಿದರು. ಗಿಡಕ್ಕೆ ಬೆಳಕು ಬೇಕು. ಆರು ಗಂಟೆಯ ಬೆಳಕು ಒಳ್ಳೆಯದಾದರೆ ಹದಿನಾಲ್ಕು ಗಂಟೆಯ ಬೆಳಕು ಇನ್ನೂ ಒಳ್ಳೆಯದು. ಅಲ್ಲದೆ ಆ ಬೆಳಕು ಕಿಟಕಿಯ ಪರದೆಯ ಮೇಲೆ ಬಿದ್ದು ಬೀದಿಯಿಂದ ನೋಡಿದರೆ ಮನೆ ಯಾವುದೋ ದೊಡ್ಡ ಆಸ್ಪತ್ರೆಯ ಹಾಗೆ ಕಾಣುತ್ತಿತ್ತು. ಒಂಬತ್ತನೆಯ ದಿನ ತೊಟ್ಟಿಯ ನೀರು ಹಸಿರಾಯಿತು. ಮಸುಕು ಹಸಿರಲ್ಲ, ಬಣ್ಣದ ಡಬ್ಬಿ ಮಗುಚಿದಂಥ ಹಸಿರು. ಅಂಗಡಿಯವನಿಗೆ ಫೋನು ಮಾಡಿದರೆ, "ಬೆಳಕು ಜಾಸ್ತಿ ಆಗಿ ಪಾಚಿ ಕಟ್ಟಿದೆ ಸರ್. ಐದು ದಿನ ಕಪ್ಪು ಬಟ್ಟೆ ಮುಚ್ಚಿ, ತೆಗೀಲೇಬೇಡಿ" ಎಂದ. ಹೆಂಡತಿಯ ಕಪ್ಪು ಲೈನಿಂಗ್ ಬಟ್ಟೆ ತೊಟ್ಟಿಯ ಮೇಲೆ ಬಿತ್ತು.

ಹೀಗಾಗಿ ಹನ್ನೊಂದನೆಯ ದಿನ ಕೆಳಗಿನ ಮನೆಯ ಮೇಷ್ಟ್ರು ಬಂದಾಗ ಕಂಡದ್ದು ಇಷ್ಟು: ಮೂಲೆಯಲ್ಲಿ ಮುಚ್ಚಳ ಹಾಕಿದ ಮೂರು ಬಕೆಟ್ ನೀರು, ಮೇಜಿನ ಮೇಲೆ ಹಸಿರು, ನೇರಳೆ ದ್ರವವಿದ್ದ ಗಾಜಿನ ನಳಿಕೆಗಳು, ಕಪ್ಪು ಮುಸುಕಿನ ಏನೋ ಒಂದು, ಮತ್ತು ಗೋಡೆಯ ಮೇಲೆ ಸಾಲು ಸಾಲಾಗಿ ಮೊಹರು ಬಿದ್ದ ಸರ್ಕಾರಿ ಹಾಳೆ. ನಿವೃತ್ತ ಮುಖ್ಯೋಪಾಧ್ಯಾಯರಾದ ಮೇಷ್ಟ್ರು ಗೋಡೆಯ ಮೇಲೆ ಏನಿದ್ದರೂ ಓದುವವರು. ಮೊಣಕಾಲಿನ ಹತ್ತಿರ ಹರಿದ ಪ್ಯಾಂಟನ್ನು ವಾಪಸ್ಸು ಪಡೆಯಲು ಬಂದವರು ಕನ್ನಡಕ ಏರಿಸಿ ಆ ದಿನದ ಷರಾ ಓದಿದರು. 'ವಿಷಾಂಶ ಏರುತ್ತಿದೆ. ಜೀವಿಗಳಿಗೆ ಯೋಗ್ಯವಲ್ಲ. ಇನ್ನೂ ಒಂದು ತಿಂಗಳು ಕಾಯತಕ್ಕದ್ದು.'

"ಸಾಹೇಬ್ರೇ, ಇದು ನಮ್ಮ ನಲ್ಲಿ ನೀರಾ?"

"ನಲ್ಲಿದೇ ಮೇಷ್ಟ್ರೇ. ಇನ್ನೆಲ್ಲಿಂದ ತರ್ಲಿ?"

"ಇಲಾಖೆಯವರಿಗೆ ಗೊತ್ತಾ?"

ಸಾಹೇಬರು ಹೆಂಡತಿಯ ಕಡೆ ನೋಡಿದರು. ಆಕೆ ಹೊಲಿಗೆ ಯಂತ್ರದ ಹಿಂದಿನಿಂದ ಕಣ್ಣು ದೊಡ್ಡದು ಮಾಡಿದಳು. "ಇಲ್ಲ, ಇಲ್ಲ," ಎಂದು ಅವರು ದನಿ ತಗ್ಗಿಸಿದರು. "ಯಾರಿಗೂ ಹೇಳಿಲ್ಲ. ನೀವೂ ಹೇಳ್ಬೇಡಿ. ಎಲ್ಲ ಸರಿಹೋದ ಮೇಲೆ ನಾನೇ ಕರೆದು ತೋರಿಸ್ತೀನಿ."

ಮೇಷ್ಟ್ರು ಪ್ಯಾಂಟು ಮರೆತು ಕೆಳಗಿಳಿದರು. ಯಾರಿಗೂ ಹೇಳಬೇಡಿ ಎಂದದ್ದನ್ನು ಅವರು ಅಕ್ಷರಶಃ ಪಾಲಿಸಿದರು. ಹಾಳೆಯನ್ನು ನೋಡಿ ಬರಲು ಮಾತ್ರ ಒಬ್ಬೊಬ್ಬರನ್ನಾಗಿ ಮೇಲೆ ಕಳಿಸಿದರು. ಆ ಸಂಜೆ ಹೊಲಿಯಲು ಬಟ್ಟೆ ಕೊಟ್ಟವರ ಸಂಖ್ಯೆ ಕಂಡು ಸಾಹೇಬರ ಹೆಂಡತಿಗೇ ಆಶ್ಚರ್ಯ. ಹರಿಯದ ಲಂಗವನ್ನು ಹೊಲಿಸಲು ಬಂದವರಿದ್ದರು. ಹಿಂದಿನ ಮನೆಯ ವಿಮೆ ಏಜೆಂಟ್ ತನ್ನ ಹೊಸ ಕೋಟಿಗೆ ಗುಂಡಿ ಹಾಕಿಸಲು ಬಂದ, ಗೋಡೆಯ ಫೋಟೋ ಹಿಡಿದ, ಕೋಟನ್ನು ಅಲ್ಲೇ ಬಿಟ್ಟು ಹೋದ.

ಮರುದಿನ ಕಟ್ಟಡದಲ್ಲಿ ನಲ್ಲಿ ತಿರುಗಿಸಿದವರಿಲ್ಲ. ಮೊದಲ ಮಹಡಿಯವರು ಅಂಗಡಿಯ ನೀರಿನ ಡಬ್ಬದಲ್ಲಿ ಮುಖ ತೊಳೆದರು. ಎರಡನೆಯ ಮಹಡಿಯವರು ಮುಖ ತೊಳೆಯುವುದನ್ನೇ ಬಿಟ್ಟರು. ಒಬ್ಬರಿಗೆ ಹೊಟ್ಟೆನೋವು ಹಿಡಿಯಿತು. ಇನ್ನೊಬ್ಬರಿಗೆ ಹಿಂದಿನ ವರ್ಷ ಹಿಡಿದಿದ್ದ ಹೊಟ್ಟೆನೋವಿಗೆ ಈಗ ಕಾರಣ ಸಿಕ್ಕಿತು. ವಿಮೆ ಏಜೆಂಟ್ ಫೋಟೋ ತೋರಿಸಿ ಮೂರು ಪಾಲಿಸಿ ಬರೆಸಿದ.

ಮಧ್ಯಾಹ್ನ ಮೇಷ್ಟ್ರ ಮುಂದಾಳತ್ವದಲ್ಲಿ ಒಂದು ದೂರು ತಯಾರಾಯಿತು. ಇಪ್ಪತ್ತೆಂಟು ಸಹಿ, ಜೊತೆಗೆ ಹಾಳೆಯ ಫೋಟೋ. ಅದನ್ನು ಮೇಷ್ಟ್ರು ಪೇಟೆಯಲ್ಲಿದ್ದ ತಮ್ಮ ಅಳಿಯನ ಕೈಯಲ್ಲಿ ಕಚೇರಿಗೆ ಮುಟ್ಟಿಸಿದರು. ಕಿಂಡಿಯಲ್ಲಿ ಲಕೋಟೆ ತೆಗೆದುಕೊಂಡ ಟಪಾಲು ಗುಮಾಸ್ತರು ಯಾರಿಂದ ಎಂದು ನೋಡಿದರು: 'ನಿವಾಸಿಗಳಿಂದ'. ಯಾರಿಗೆ ಎಂದು ನೋಡಿದರು: 'ಎಂಜಿನಿಯರರಿಗೆ'. ನಂಬರು ಹಾಕಿ, ಮೊಹರು ಒತ್ತಿ, ತಮ್ಮ ವಿರುದ್ಧದ ದೂರನ್ನು ತಾವೇ ಜಾಗ್ರತೆಯಾಗಿ ಒಳಗೆ ಕಳಿಸಿದರು.

ಎಂಜಿನಿಯರರು ಫೋಟೋ ನೋಡಿ ಕುರ್ಚಿಯಿಂದ ಎದ್ದರು. ನೀರಿನಲ್ಲಿ ವಿಷವಿದೆಯೇ ಎಂಬುದು ಅವರ ಮೊದಲ ಪ್ರಶ್ನೆಯಾಗಿರಲಿಲ್ಲ.

"ಯಾರ್ರೀ ಇದನ್ನ ಕೊಟ್ಟೋನು? ನಮ್ಮ ಹಾಳೆ, ನಮ್ಮ ಮೊಹರು, ನಂಬರ್ ಬೇರೆ ಇದೆ! ನನ್ನ ತಲೆ ಮೇಲಿಂದ ಜನಕ್ಕೆ ವರದಿ ಕೊಡೋ ಅಷ್ಟು ಪೊಗರು ಯಾರಿಗೆ ಬಂತು?"

ಪ್ರಯೋಗಾಲಯದವನು ತಲೆ ಕೆರೆದುಕೊಂಡ. "ಅಲ್ಲಿ ನಮ್ಮ ಇಲಾಖೆಯ ಸಾಹೇಬ್ರು ಒಬ್ರು ಇದಾರಂತೆ ಸರ್. ಅವರೇ ಮನೇಲಿ ಪರೀಕ್ಷೆ ಮಾಡಿದಾರಂತೆ."

"ಯಾವ ಸಾಹೇಬ? ಇಲ್ಲಿ ಸಾಹೇಬ ನಾನೊಬ್ಬನೇ!"

ಎರಡು ಆಜ್ಞೆಗಳು ಹೊರಟವು. ಆ ಬಡಾವಣೆಯ ನೀರಿಗೆ ಇವತ್ತಿನಿಂದ ಎರಡರಷ್ಟು ಕ್ಲೋರಿನ್. ಮತ್ತು ಆ ಮನೆಯಿಂದ ನಾಳೆಯೇ ಮಾದರಿ ನೀರು. ಎರಡು ಆಜ್ಞೆಗಳಿಗೂ ಕಿಂಡಿಯಲ್ಲಿ ಎಂದಿನಂತೆ ಮೊಹರು ಬಿತ್ತು. ಎಂದಿನಂತೆ ಯಾರೂ ಓದಲಿಲ್ಲ.

ಪ್ರಯೋಗಾಲಯದವನು ಎರಡು ಕ್ಯಾನು ಹಿಡಿದು ಬಂದಾಗ ಸಾಹೇಬರು ಕಚೇರಿಯಲ್ಲಿದ್ದರು. ಮುಂದಿನ ಕೋಣೆಯಲ್ಲಿ ಐದು ಜನ ಗಿರಾಕಿಗಳು. ಅವನು ಕಪ್ಪು ಬಟ್ಟೆಯತ್ತ ನೇರವಾಗಿ ನಡೆದ.

"ಅದು ಬೇಡಪ್ಪ," ಎಂದಳು ಹೆಂಡತಿ. ಗಿರಾಕಿಗಳ ಎದುರಿಗೆ ಮೀನಿನ ಸುದ್ದಿ ಎತ್ತುವಂತಿಲ್ಲ. "ಅದು ನಮ್ಮನೆಯವರ... ಪ್ರಯೋಗದ ನೀರು. ನಲ್ಲೀದು ತಗೋ."

"ನಮಗೆ ಅದೇ ಬೇಕು ಅಕ್ಕ."

"ಬಟ್ಟೆ ತೆಗೀಬಾರದಂತೆ, ಬೆಳಕು ಬೀಳ್ಬಾರದು."

ಇದನ್ನು ಕೇಳಿ ಗಿರಾಕಿಗಳಲ್ಲಿ ಇಬ್ಬರು ಎದ್ದು ಬಾಗಿಲ ಹತ್ತಿರ ನಿಂತರು. ಅವನು ಬಟ್ಟೆಯ ಮೂಲೆ ಎತ್ತಿ, ಕೊಳವೆ ಇಳಿಬಿಟ್ಟು, ಹಸಿರು ನೀರನ್ನು ಎರಡೂ ಕ್ಯಾನಿಗೆ ತುಂಬಿಸಿದ. ಒಟ್ಟು ಹತ್ತು ಲೀಟರ್. ನಿಯಮದ ಪ್ರಕಾರ ಅಷ್ಟು ಬೇಕು. ಸಂಸ್ಕಾರವಂತನಾದ್ದರಿಂದ ತೆಗೆದುಕೊಂಡಷ್ಟನ್ನು ನಲ್ಲಿಯಿಂದ ಹಿಡಿದು ವಾಪಸ್ಸು ತುಂಬಿ, ಬಟ್ಟೆ ಮುಚ್ಚಿ ಹೋದ. ಆ ನಲ್ಲಿಯ ನೀರಿನಲ್ಲಿ ಎರಡರಷ್ಟು ಕ್ಲೋರಿನ್ ಇತ್ತು. ಸ್ಪಂಜಿನಲ್ಲಿ ಹದಿಮೂರು ದಿನದಿಂದ ಸಂಸಾರ ಹೂಡುತ್ತಿದ್ದ ಕ್ರಿಮಿಗಳು ಅರ್ಧ ಗಂಟೆಯಲ್ಲಿ ನಿರ್ವಂಶವಾದವು.

ಹದಿನಾಲ್ಕನೆಯ ಬೆಳಗ್ಗೆ ಸಾಹೇಬರು ನಳಿಕೆ ಅಲ್ಲಾಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಹಿಂದಿನ ದಿನ ಹಳದಿಯ ಕಡೆಗೆ ತಿರುಗಿದ್ದ ಬಣ್ಣ ಕಡು ಹಸಿರಾಗಿತ್ತು. ಹೆಂಡತಿ ನಡೆದದ್ದನ್ನು ಹೇಳಿದಾಗ ಅವರು ನಿಂತಲ್ಲೇ ಕೂತರು. "ಕಚೇರಿಯವರು ಯಾಕೆ ಬಂದಿದ್ರು?" ಎಂದು ಕೇಳಲಿಲ್ಲ. "ಸೀದಾ ನಲ್ಲಿ ನೀರು ಸುರಿದ್ನಾ?" ಎಂದಷ್ಟೇ ಕೇಳಿದರು. ನಂತರ ಎದ್ದು ಷರಾ ಬರೆದರು: 'ಇದ್ದವೆಲ್ಲ ಸತ್ತವು. ಹದಿಮೂರು ದಿನದ ಶ್ರಮ ವ್ಯರ್ಥ.' ಮೊಹರು ಒತ್ತಿ ಕಚೇರಿಗೆ ಹೊರಟರು.

ಹತ್ತು ಗಂಟೆಯೊಳಗೆ ಆ ಷರಾ ಇಡೀ ಬಡಾವಣೆಯಲ್ಲಿ ಓಡಾಡಿತು. ಯಾರು ಸತ್ತರು ಎಂಬುದನ್ನು ಸಾಲು ಹೇಳಿರಲಿಲ್ಲ. ಪಕ್ಕದ ಬೀದಿಯವರು ಎಂದು ಮೊದಲ ಮಹಡಿ ಹೇಳಿತು. ಪಕ್ಕದ ಬೀದಿ ಈ ಕಟ್ಟಡದವರೇ ಎಂದು ಹೇಳಿತು.

ಸಂಜೆ ಜೀಪು ಬಂದು ನಿಂತಿತು. ಎಂಜಿನಿಯರರು ಪ್ರಯೋಗಾಲಯದ ವರದಿ ಹಿಡಿದು ಮೆಟ್ಟಿಲು ಹತ್ತಿದರು. ಹನ್ನೆರಡು ಮನೆಯವರೂ ಹಿಂದೆ ಹತ್ತಿದರು. ಒಳಗೆ ಜಾಗ ಸಿಗದವರು ಬಾಗಿಲಲ್ಲಿ, ಮೆಟ್ಟಿಲ ಮೇಲೆ ನಿಂತು ಒಳಗಿನವರು ಹೇಳಿದ್ದನ್ನು ಕೆಳಗಿನವರಿಗೆ ದಾಟಿಸಿದರು.

ಸಾಹೇಬರು ಬನಿಯನ್ನಿನಲ್ಲಿದ್ದರು. ಎಂಜಿನಿಯರರನ್ನು ಕಂಡು ಎದ್ದು ನಿಂತರು.

"ಯಾರು ನೀನು?"

"ನಮಸ್ಕಾರ ಸರ್. ಟಪಾಲು ಸರ್."

"ಟಪಾಲು ಅಂದ್ರೆ?"

"ಮೆಟ್ಟಿಲ ಕೆಳಗೆ ಸರ್. ಕಿಂಡಿ. ಹನ್ನೊಂದು ವರ್ಷ ಆಯ್ತು."

"ಟಪಾಲಂತೆ," ಎಂದಿತು ಬಾಗಿಲು. "ಟಪಾಲು!" ಎಂದಿತು ಮೆಟ್ಟಿಲು. ಮೂರು ವರ್ಷ ಸಾಹೇಬ್ರೇ ಎಂದು ಕರೆದು ಮನೆಯೆದುರು ದಾರಿ ಬಿಟ್ಟುಕೊಟ್ಟಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ವಿಷಕ್ಕಿಂತ ಈ ಸುದ್ದಿಯೇ ಅವರಿಗೆ ಹೆಚ್ಚು ಏರಿದಂತಿತ್ತು.

ಎಂಜಿನಿಯರರು ಬಟ್ಟೆ ಎಳೆದರು. ಹಸಿರು ಬಹಳ ಮಟ್ಟಿಗೆ ಇಳಿದಿತ್ತು. ಗಾಜು, ಮಣ್ಣು, ಎಲೆ ಕರಗಿದ ಗಿಡಗಳು, ಗುಳುಗುಳು ಎನ್ನುವ ಫಿಲ್ಟರು.

"ಇದು ಮೀನಿನ ತೊಟ್ಟಿ," ಎಂದರು ಎಂಜಿನಿಯರರು.

"ಹೌದು ಸರ್."

"ಮೀನೆಲ್ಲಿ?"

"ಇಲ್ಲ ಸರ್."

"ಮೀನೂ ಸತ್ತವಂತೆ!" ಎಂದಿತು ಬಾಗಿಲು. ಮೆಟ್ಟಿಲ ಮೇಲೆ ಯಾರೋ ಅತ್ತರು.

"ಸತ್ತಿಲ್ಲ, ತಂದೇ ಇಲ್ಲ!" ಎಂದು ಟಪಾಲಿನವರು ಕೂಗಿದರು.

"ತಂದೇ ಇಲ್ಲದಿದ್ರೆ ಈ ಮೀನಿನ ಆಹಾರ ಯಾಕೆ?" ವಿಮೆ ಏಜೆಂಟ್ ಮೇಜಿನ ಮೇಲಿದ್ದ ಡಬ್ಬಿ ಎತ್ತಿ ತೋರಿಸಿದ. "ಅರ್ಧ ಖಾಲಿ ಬೇರೆ ಆಗಿದೆ."

"ದಿನಾ ಹಾಕ್ತೀನಿ. ಕೊಳೀಲಿ ಅಂತ."

"ಇಲ್ಲದ ಮೀನಿಗೆ ಊಟ ಹಾಕ್ತಾನಂತೆ," ಎಂದರು ಮೇಷ್ಟ್ರು, ತರಗತಿಯಲ್ಲಿ ತಪ್ಪು ಉತ್ತರವನ್ನು ಎಲ್ಲರಿಗೂ ಕೇಳಿಸುವಂತೆ ಓದುವ ದನಿಯಲ್ಲಿ.

ಟಪಾಲಿನವರು ಅಮೋನಿಯ, ಎರಡು ಜಾತಿ ಕ್ರಿಮಿ, ಸ್ಪಂಜು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ವಿಷ ತಾನೇ ಮಾಡಿದ್ದು, ಬೇಕೆಂದೇ ಮಾಡಿದ್ದು, ಊರ ನೀರು ಚೆನ್ನಾಗಿಯೇ ಇದೆ ಎಂದರು. ನಂಬಿಸಲು ಒಳಗೆ ಹೋಗಿ ಒಂದು ಲೋಟ ನಲ್ಲಿ ನೀರು ಹಿಡಿದು ತಂದು ಎಲ್ಲರೆದುರು ಗಟಗಟ ಕುಡಿದರು.

"ಅವನು ಕುಡಿದ್ರೆ ಏನು ಬಂತು?" ಎಂದ ಏಜೆಂಟ್. "ಟಪಾಲಿನವನಿಗೆ ನೀರಿನ ವಿಷಯ ಏನ್ರೀ ಗೊತ್ತು? ದೊಡ್ಡೋರು ಕುಡೀಲಿ."

ದೊಡ್ಡವರು ಲೋಟ ನೋಡಿದರು. ಕೆಳಗೆ ಜೀಪಿನಲ್ಲಿ ಅವರ ಸೀಟಿನ ಪಕ್ಕ ಅಂಗಡಿಯ ನೀರಿನ ಬಾಟಲಿ ಕಿಟಕಿಯಿಂದ ಎಲ್ಲರಿಗೂ ಕಾಣುವಂತೆ ನಿಂತಿತ್ತು. "ನಾನು ಈಗಷ್ಟೇ ಕುಡಿದು ಬಂದೆ," ಎಂದರು. ಮತ್ತೆ ಟಪಾಲಿನವರ ಕಡೆ ತಿರುಗಿ, "ಪೆನ್ನು ತಗೋ. ಈಗಲೇ 'ಯೋಗ್ಯ' ಅಂತ ಬರೆದು ಮೊಹರು ಒತ್ತು. ಮುಗೀತು."

ಅವರು ಪೆನ್ನು ತೆಗೆದುಕೊಂಡರು. ಹಾಳೆಯ ಮುಂದೆ ನಿಂತರು. ನಳಿಕೆ ಕಡು ಹಸಿರಾಗಿ ಎದುರಿಗೇ ಇತ್ತು. ಕೈ ಮುಂದೆ ಹೋಗಲಿಲ್ಲ. ಇದು ಧೈರ್ಯವಲ್ಲ. ಹನ್ನೊಂದು ವರ್ಷ ಇವತ್ತಿನ ತಾರೀಖಿನ ಕಾಗದಕ್ಕೆ ನಿನ್ನೆಯ ತಾರೀಖು ಒತ್ತಿ ಗೊತ್ತಿಲ್ಲದ ಕೈ ಅದು, ಅಷ್ಟೇ.

"ಅಮೋನಿಯ ಸೊನ್ನೆ ಇರ್ಬೇಕು, ನಾಲ್ಕಿದೆ ಸರ್. ಯೋಗ್ಯ ಅಂತ ಹೇಗೆ ಬರೀಲಿ?"

"ನಾವೂ ಬರೀ ಬರಹ ನಂಬಲ್ಲ," ಎಂದರು ಮೇಷ್ಟ್ರು. "ಇದೇ ಹಾಳೆ, ಇದೇ ಮೊಹರು, ಇದೇ ಕೈಯಲ್ಲಿ ಸೊನ್ನೆ ಅಂತ ಬರ್ಬೇಕು. ಆ ನೀರಲ್ಲಿ ನಮ್ಮೆದುರಿಗೆ ಮೀನು ಬಿಡ್ಬೇಕು. ಅಲ್ಲೀವರೆಗೆ ಈ ಬಡಾವಣೆಯಲ್ಲಿ ನಿಮ್ಮ ನಲ್ಲಿ ಯಾರೂ ಮುಟ್ಟಲ್ಲ."

ಎಂಜಿನಿಯರರು ಲೆಕ್ಕ ಹಾಕಿದರು. ಮೊಹರು ದಿನವೂ ಚೀಲದಲ್ಲಿ ಮನೆಗೆ ಹೋಗುತ್ತಿತ್ತೆಂದು ಹೊರಗೆ ಗೊತ್ತಾದರೆ ಮೊಹರಿನ ಹೊಣೆ ಯಾರದೆಂಬ ಪ್ರಶ್ನೆ ಬರುತ್ತದೆ. ಹೊಣೆ ತಮ್ಮದೇ. "ಎಷ್ಟು ದಿನ ಬೇಕು?" ಎಂದು ಹಲ್ಲು ಕಚ್ಚಿ ಕೇಳಿದರು.

"ಕ್ಲೋರಿನ್ ಮಾಮೂಲಿಗೆ ಇಳಿಸಿ, ಯಾರೂ ಇದನ್ನ ಮುಟ್ಟದಿದ್ರೆ ಒಂದು ತಿಂಗಳು ಸರ್."

"ಒಂದು ತಿಂಗಳು. ಮೀನು ಬದುಕಿದ್ರೆ ನಿನ್ನ ಕೆಲಸ ಉಳೀತು. ಈ ಜನರ ಮುಂದೆ ಸತ್ತ್ವೋ, ಅಲ್ಲೇ ಅಮಾನತು. ಕಾಗದ ಟೈಪ್ ಮಾಡ್ಸಿ ಜೇಬಲ್ಲೇ ಇಟ್ಕೊಂಡಿರ್ತೀನಿ."

ಆ ತಿಂಗಳು ಬಡಾವಣೆಗೆ ಇಲಾಖೆಯ ಟ್ಯಾಂಕರಿನಲ್ಲಿ ನೀರು ಬಂತು. ಟ್ಯಾಂಕರು ತುಂಬುತ್ತಿದ್ದುದು ಆ ನಲ್ಲಿಗಳಿಗೆ ನೀರು ಬಿಡುವ ಮೇಲ್ತೊಟ್ಟಿಯಿಂದಲೇ. ಹೊಟ್ಟೆನೋವು ಹಿಡಿದವರಿಗೆಲ್ಲ ಟ್ಯಾಂಕರಿನ ನೀರು ಕುಡಿದು ವಾಸಿಯಾಯಿತು. "ರುಚಿಯೇ ಬೇರೆ," ಎಂದರು ಮೇಷ್ಟ್ರು.

ದೀಪ ಈಗ ಹನ್ನೆರಡಕ್ಕೆ ಹತ್ತಿ ಆರಕ್ಕೆ ಆರುತ್ತಿತ್ತು. ಪಾಚಿ ಸತ್ತು ನೀರು ತಿಳಿಯಾಯಿತು. ಕರಗಿದ ಗಿಡಗಳ ಬುಡದಲ್ಲಿ ಚಿಗುರು ಬಂತು. ದಿನವೂ ಐದೂವರೆಗೆ ಪರೀಕ್ಷೆ. ಕೋಣೆಯಲ್ಲಿ ಹದಿನೈದು ಜನ ನಿಂತು ನೋಡುತ್ತಿದ್ದರು. ಮೊದಲ ವಾರ ಎಲ್ಲರೂ ಅವರನ್ನು ಟಪಾಲು ಎಂದೇ ಕರೆದರು.

"ಏ ಟಪಾಲು, ಇವತ್ತು ಯಾವ ಬಣ್ಣ?"

"ಹಸಿರೇ."

"ನಿನ್ನೆಗಿಂತ ತಿಳಿಯಾಗಿದೆ ಬಿಡು. ಏನ್ ಮೇಷ್ಟ್ರೇ?"

"ಕತ್ತು ಓರೆ ಮಾಡಿ ನೋಡ್ಬೇಡಿ, ಬೆಳಕಿಗೆ ಹಿಡೀರಿ. ಇದು ಗಿಳಿ ಹಸಿರು. ನಿನ್ನೆದು ಬಾಟಲಿ ಹಸಿರು."

ಮೂರನೆಯ ವಾರ ಅಮೋನಿಯ ಇಳಿದು ನೈಟ್ರೈಟ್ ಏರಿದಾಗ ಇಡೀ ಕಟ್ಟಡ ನೇರಳೆ ಬಣ್ಣ ನೋಡಿ ಊಟ ಬಿಟ್ಟಿತು. "ಗಾಬರಿ ಆಗ್ಬೇಡಿ," ಎಂದರು ಟಪಾಲಿನವರು, "ಮೊದಲನೇ ಜಾತಿ ಬಂದಿದೆ ಅಂತ ಅರ್ಥ. ಎರಡನೇದು ದಾರೀಲಿದೆ." ಹೀಗೆ ಹೇಳುವಾಗ ಅವರ ದನಿಯಲ್ಲಿ ಹಿಂದಿಲ್ಲದ ಏನೋ ಇತ್ತು. ಮೂರು ವರ್ಷ ಅಧಿಕಾರಿಯಂತೆ ಕಾಣಲು ಕಡಿಮೆ ಮಾತಾಡುತ್ತಿದ್ದ ಮನುಷ್ಯ ಈಗ ಗೊತ್ತಿದ್ದುದನ್ನು ಗೊತ್ತಿದ್ದಷ್ಟೇ ಹೇಳುತ್ತಿದ್ದರು. ಹೆಂಡತಿಯ ಗಿರಾಕಿಗಳು ಬಟ್ಟೆ ಕೇಳುವುದನ್ನೇ ಮರೆತಿದ್ದರು. ಈ ಒಂದು ವಿಷಯದಲ್ಲಿ ಮಾತ್ರ ಅವರ ಯೋಜನೆ ಫಲಿಸಿತ್ತು.

ಜೀಪು ಬಂದ ಸಂಜೆಯಿಂದ ಎಣಿಸಿ ಇಪ್ಪತ್ತೊಂಬತ್ತನೆಯ ದಿನ ಒಂದು ನಳಿಕೆ ಹಳದಿ, ಇನ್ನೊಂದು ತಿಳಿ ನೀಲಿ. ಸುಳ್ಳಾದೀತೆಂದು ಮೂರು ಸಲ ಮಾಡಿದರು. ಮೂರು ಸಲವೂ ಹಾಗೇ. 'ಅಮೋನಿಯ ೦. ನೈಟ್ರೈಟ್ ೦. ಯೋಗ್ಯ.' ಕಟ್ಟಡದ ಮೆಟ್ಟಿಲ ಮೇಲೆ ಚಪ್ಪಾಳೆ ಬಿತ್ತು.

ಮರುದಿನ ಸಂಜೆ ನಾಲ್ಕಕ್ಕೆ ಎಂಜಿನಿಯರರು ಬಂದರು. ಕೈಯಲ್ಲಿ ಊದಿಸಿ ಕಟ್ಟಿದ ಪ್ಲಾಸ್ಟಿಕ್ ಚೀಲ. ಅದರಲ್ಲಿ ಇಪ್ಪತ್ತನಾಲ್ಕು ಮೀನು, ಒಂದೊಂದೂ 'ನನ್ನನ್ನು ನೋಡಿ' ಎನ್ನುವಂಥ ಕೆಂಪು. ಜೊತೆಗೆ ಒಬ್ಬ ಪತ್ರಿಕೆಯವನು. ಜೇಬಿನಿಂದ ಮಡಿಸಿದ ಕಾಗದದ ತುದಿ ಹೊರಗೆ ಕಾಣುತ್ತಿತ್ತು. ಅದು ಯಾವ ಕಾಗದವೆಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಎಲ್ರೂ ನೋಡಿ," ಎಂದು ಅವರು ಚೀಲದ ಗಂಟಿಗೆ ಕೈ ಹಾಕಿದರು.

"ಸರ್," ಎಂದರು ಟಪಾಲಿನವರು. "ಅಷ್ಟೂ ಬಿಡೋಕಾಗಲ್ಲ."

"ಏನು?"

"ಎರಡು ಸಾಕು. ಇದು ಮೂವತ್ತು ಲೀಟರ್. ಈಗಿರೋ ಕ್ರಿಮಿ ಎರಡು ಮೀನಿಗಾಗುವಷ್ಟೇ. ಇಪ್ಪತ್ತನಾಲ್ಕು ಬಿಟ್ರೆ ನಾಳೆ ಬೆಳಗ್ಗೆ ನೀರು ಮತ್ತೆ ವಿಷ."

"ಎರಡು ಮೀನಿನ ಫೋಟೋ ಯಾರಿಗೆ ಕಾಣತ್ತೆ? ನಾನು ಹೇಳ್ತಾ ಇದೀನಿ, ಬಿಡು."

ಟಪಾಲಿನವರು ತೊಟ್ಟಿಯ ಮುಂದೆ ಬಂದು ನಿಂತರು.

"ಬರೆದು ಕೊಡಿ ಸರ್," ಎಂದರು.

"ಏನಂದೆ?"

"'ಮೂವತ್ತು ಲೀಟರಿಗೆ ಇಪ್ಪತ್ತನಾಲ್ಕು ಮೀನು ಬಿಡತಕ್ಕದ್ದು' ಅಂತ ನಿಮ್ಮ ಸಹಿಯಲ್ಲಿ ಬರೆದು ಕೊಡಿ. ನಾನು ನಂಬರ್ ಹಾಕ್ತೀನಿ. ಆಮೇಲೆ ಬಿಡಿ."

ಪತ್ರಿಕೆಯವನು ಪುಸ್ತಕ ತೆರೆದ. ಮೆಟ್ಟಿಲು ಬಾಗಿಲನ್ನು ಏನಾಯಿತೆಂದು ಕೇಳಿತು, ಬಾಗಿಲು ಸುಮ್ಮನಿರಿ ಎಂದಿತು. ಎಂಜಿನಿಯರರು ಇಪ್ಪತ್ತಾರು ವರ್ಷದ ಸೇವೆಯಲ್ಲಿ ಬಾಯಲ್ಲಿ ಎಷ್ಟೋ ಆಜ್ಞೆ ಕೊಟ್ಟಿದ್ದರು. ಬರೆದು ಕೊಟ್ಟವು ಬಹಳ ಕಡಿಮೆ. ಬಹುಶಃ ಅದರಿಂದಲೇ ಎಂಜಿನಿಯರರಾಗಿದ್ದರು. ಅವರು ಗಂಟಿನ ಮೇಲಿನ ಕೈ ತೆಗೆದರು.

ಟಪಾಲಿನವರು ಚೀಲವನ್ನು ಅವರ ಕೈಯಿಂದ ತೆಗೆದುಕೊಳ್ಳದೆ, ಅಲ್ಲೇ ಬಿಚ್ಚಿಸಿ, ಲೋಟದಲ್ಲಿ ಎರಡು ಮೀನು ಹಿಡಿದರು. ತೊಟ್ಟಿಯ ನೀರನ್ನು ಲೋಟಕ್ಕೆ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಅರ್ಧ ಗಂಟೆ ಕಳೆದರು. ಕೊನೆಗೆ ಲೋಟ ಓರೆ ಮಾಡಿದರು. ಎರಡು ಕೆಂಪು ಗೆರೆಗಳು ಸರ್ರನೆ ಹೋಗಿ ಗಿಡದ ಹಿಂದೆ ಮಾಯವಾದವು.

ಜನ ಕಾದರು. ಐದು ನಿಮಿಷ, ಹತ್ತು ನಿಮಿಷ. ತೊಟ್ಟಿಯಲ್ಲಿ ಗಿಡವಿತ್ತು, ನೀರಿತ್ತು, ಬೆಳಕಿತ್ತು. ಮೀನು ಕಾಣಲಿಲ್ಲ. ಎಂಜಿನಿಯರರು ಬಾಗಿ ನೋಡಿದರು. ಸತ್ತಿವೆ ಎನ್ನಬೇಕಾದರೂ ಅವು ಮೊದಲು ಕಾಣಬೇಕಿತ್ತು.

"ಎಲ್ಲಿವೆ?" ಎಂದರು ಮೇಷ್ಟ್ರು.

"ಹಿಂದುಗಡೆ ಇವೆ. ಹೊಸ ಜಾಗ ಅಲ್ವಾ, ಹೆದರಿವೆ."

"ಬದುಕಿವೆಯಾ?"

"ಬದುಕಿವೆ."

ಮೇಷ್ಟ್ರು ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ನಂತರ ಬಾಗಿಲಿಗೆ ತಿರುಗಿ ಹೇಳಿದರು: "ಬದುಕಿವೆ."

"ಬದುಕಿವೆ!" ಎಂದಿತು ಬಾಗಿಲು. ಮೆಟ್ಟಿಲು ಗಡಗಡನೆ ಇಳಿಯಿತು. ಕೆಳಗೆ ಒಂದು ನಲ್ಲಿ ತಿರುಗಿತು, ಅದರ ಪಕ್ಕದ ಮನೆಯಲ್ಲಿ ಇನ್ನೊಂದು. ಕಾಣದ ತೊಟ್ಟಿಯನ್ನು ನಂಬಿ ನಲ್ಲಿ ನೀರು ಕುಡಿಯುವುದನ್ನು ಬಿಟ್ಟಿದ್ದ ಜನ ಕಾಣದ ಮೀನನ್ನು ನಂಬಿ ನೀರು ಕುಡಿದರು. ಏಜೆಂಟ್ ಎರಡು ಲೋಟ ಕುಡಿದು, ಪಾಲಿಸಿ ಮಾತ್ರ ರದ್ದು ಮಾಡಲಾಗದು ಎಂದು ಮೂರೂ ಮನೆಗೆ ಹೇಳಿ ಬಂದ.

ಕೋಣೆಯಲ್ಲಿ ಉಳಿದವರು ಎಂಜಿನಿಯರರು. ಬಾಯಿ ಬಿಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಇಪ್ಪತ್ತೆರಡು ಮೀನು ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದವು. ಚೀಲ ಒಂದು ಕಡೆಗೆ ವಾಲುತ್ತಿತ್ತು. ಅವರು ಎರಡೂ ಕೈಯಿಂದ ಅದರ ಕತ್ತು ಹಿಡಿದರು.

"ಇವನ್ನ..." ಎಂದರು. "ಇವನ್ನ ಏನ್ಮಾಡ್ಬೇಕು, ಸ್ವಲ್ಪ ಹೇಳಿ."

ಅದುವರೆಗೆ ಅವರು 'ಹೇಳು' ಎನ್ನುತ್ತಿದ್ದರು. ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ತಲೆಯೆತ್ತಿದಳು.

"ತಂದ ಅಂಗಡಿಗೇ ವಾಪಸ್ ಕೊಡಿ ಸರ್. ಈಗಲೇ ಹೊರಡಿ. ಕಟ್ಟೋಕೆ ಹೋಗ್ಬೇಡಿ, ಬಾಯಿ ತೆರೆದೇ ಇರ್ಲಿ. ಅಲ್ಲಾಡಿಸ್ಬೇಡಿ."

ಎಂಜಿನಿಯರರು ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದರು. ಜೀಪಿನ ಮುಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನೆಟ್ಟಗೆ ಕೂತು, "ನಿಧಾನ, ನಿಧಾನ" ಎಂದು ಡ್ರೈವರನ್ನು ಬೈಯುತ್ತ ಹೋದರು. ಜೇಬಿನಲ್ಲಿದ್ದ ಅಮಾನತಿನ ಕಾಗದ ಹೊರಗೆ ಬರಲಿಲ್ಲ. ತೆಗೆಯಲು ಅವರಿಗೆ ಒಂದು ಕೈಯೂ ಬಿಡುವಿರಲಿಲ್ಲ.